ಬೆನ್ನು ತಿರುಗಿಸಿ ಕೂತ ಪ್ಲಾಟು

ನಮ್ಮ ಊರಿಗೆ ಮೊದಲ ಸಲ ಬಂದವರು ನಲವತ್ತು ಅಡಿ ಅಗಲದ ರಸ್ತೆಯ ನಡುವೆ ನಿಂತು, ಊರು ಎಲ್ಲಿದೆ ಎಂದು ಕೇಳುತ್ತಾರೆ. ರಸ್ತೆಯ ಒಂದು ಬದಿಗೆ ಮನೆಗಳ ಬಾಗಿಲುಗಳಿವೆ, ಸರಿ. ಇನ್ನೊಂದು ಬದಿಗೆ ಉದ್ದಕ್ಕೂ ಬೆನ್ನುಗೋಡೆ, ಗೋಡೆಗೆ ತಟ್ಟಿದ ಕುಳ್ಳು, ಬಚ್ಚಲ ನೀರು ಸುರಿಯುವ ಕೊಳವೆ. ಆ ಗೋಡೆಗಳಲ್ಲಿ ಬಣ್ಣ ಬಳಿದ ಬಾಗಿಲುಗಳೂ ಕಾಣುತ್ತವೆ, ಆದರೆ ಅವಕ್ಕೆ ಹಾಕಿದ ಬೀಗ ತುಕ್ಕು ಹಿಡಿದು ಎಷ್ಟೋ ವರ್ಷವಾಯಿತು. ಇಡೀ ಸಾಲಿನಲ್ಲಿ ತೆರೆದ ಬಾಗಿಲು ಒಂದೇ, ಅದು ನನ್ನದು. ಚಿಕ್ಕೋಡಿ, ನಿಪ್ಪಾಣಿಯವರು ನಮ್ಮನ್ನು ‘ಉಲ್ಟಾ ಪ್ಲಾಟಿನವರು’ ಎಂದು ಆಡಿಕೊಳ್ಳುತ್ತಾರೆ. ಕಾಗವಾಡದ ಕಡೆಯಿಂದ ಹೆಣ್ಣು ನೋಡಲು ಬಂದವರು ಮರಾಠಿಯಲ್ಲಿ ‘ಹೇ ಕಸಲಂ ಗಾವ’, ಇದೆಂಥ ಊರು, ಎಂದು ಮೂಗಿನ ಮೇಲೆ ಬೆರಳಿಟ್ಟಿದ್ದರು. ನಗುವವರು ನಗಲಿ, ನನ್ನದೇನೂ ಹೋಗುವುದಿಲ್ಲ. ಆದರೆ ಈ ಊರು ಹೀಗೇಕಾಯಿತು ಎಂದು ಬಲ್ಲವಳು ನಾನು, ಅದನ್ನು ಹೇಳುವಾಗ ಯಾರ ಮುಲಾಜಿಗೂ ಬೀಳುವವಳಲ್ಲ.

ಹಳೆಯ ಊರು ಕೃಷ್ಣೆಯ ದಂಡೆಗಿತ್ತು, ದಿಗ್ಗೇವಾಡಿಯಿಂದ ಆಚೆಗೆ. ಹೊಳೆ ಏರಿದಾಗಲೆಲ್ಲ ಆಡು, ಕೊಡ, ಹಾಸಿಗೆ ಹೊತ್ತು ಶಾಲೆಯ ಮಾಳಿಗೆ ಹತ್ತುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಎಂಬತ್ತರ ದಶಕದಲ್ಲಿ ಒಂದು ವರ್ಷ ನೀರು ಶಾಲೆಯ ಮಾಳಿಗೆಯನ್ನೂ ಬಿಡಲಿಲ್ಲ. ಆಗ ಸರ್ಕಾರದವರಿಗೆ ಸಾಕಾಯಿತು. ಹೊಳೆಯಿಂದ ದೂರ, ಎತ್ತರದ ಕಲ್ಲುಮಡ್ಡಿಯ ಮೇಲೆ ಹೊಸ ಊರು ಕಟ್ಟಿಕೊಳ್ಳಿ ಎಂದರು. ಒಬ್ಬ ಇಂಜಿನಿಯರು ಬಂದು ಚಾವಡಿಯ ಕಟ್ಟೆಯ ಮೇಲೆ ನಕಾಶೆ ಹಾಸಿದ. ಕಾಪಿ ಪುಸ್ತಕದ ಗೆರೆಗಳಂತೆ ಪೂರ್ವದಿಂದ ಪಶ್ಚಿಮಕ್ಕೆ ನೆಟ್ಟಗೆ ರಸ್ತೆಗಳು. ಪ್ರತಿ ರಸ್ತೆಯ ಎರಡೂ ಬದಿಗೆ ಮನೆಗಳು, ಮನೆಗಳ ಹಿಂದೆ ಚರಂಡಿಗೆಂದು ಹತ್ತು ಅಡಿಯ ಸಂದಿ. ಬಸ್ಸು ನಿಲ್ಲಲು ಜಾಗ, ಸಂತೆಗೆ ಜಾಗ, ಒಂದು ಕಡೆ ‘ಉದ್ಯಾನ’ ಎಂದು ಹಸಿರು ಬಣ್ಣವನ್ನೂ ಹಚ್ಚಿದ್ದ. ನಮ್ಮ ಗಂಡಸರು ಆ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಚಲೋ ಐತ್ರಿ ಸಾಹೇಬ್ರ ಎಂದು ತಲೆಯಾಡಿಸಿದರು. ಅರ್ಧ ಊರಿನ ಬಾಗಿಲು ದಕ್ಷಿಣಕ್ಕೆ ಬೀಳುತ್ತದೆ ಎಂದು ಅವರಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ.

ದಕ್ಷಿಣ ಯಮನ ದಿಕ್ಕು. ಆ ಕಡೆ ತಲೆಬಾಗಿಲು ಇಡುವವರು ನಮ್ಮಲ್ಲಿ ಯಾರೂ ಇಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮಂದಿಯ ಸ್ವಭಾವ ನಿಮಗೆ ಗೊತ್ತಿಲ್ಲ. ಅಧಿಕಾರದಲ್ಲಿ ಇದ್ದವರ ಎದುರು ಆಗುವುದಿಲ್ಲ ಎಂದು ಹೇಳುವವರಲ್ಲ. ಹೂಂ ಎಂದು ತಲೆಯಾಡಿಸಿ, ಮನೆಗೆ ಬಂದು ತಮಗೆ ತಿಳಿದದ್ದನ್ನೇ ಮಾಡುವವರು. ಯಾರೂ ಅರ್ಜಿ ಕೊಡಲಿಲ್ಲ, ಯಾರೂ ತಕರಾರು ಮಾಡಲಿಲ್ಲ. ದಕ್ಷಿಣದ ಬಾಗಿಲು ಬಿದ್ದವರು ಹಂಚಿದ ಪ್ಲಾಟು ಹಿಡಿದರು, ರಸ್ತೆಗೆ ಬೆನ್ನು ಕೊಟ್ಟು, ಉತ್ತರದ ಸಂದಿಗೆ ಬಾಗಿಲಿಟ್ಟು ಮನೆ ಕಟ್ಟಿದರು. ದಕ್ಷಿಣಕ್ಕೆ ಹಿತ್ತಲ ಬಾಗಿಲು ಹೋಗಲಿ, ಕಿಟಕಿಯನ್ನೂ ಇಡಲಿಲ್ಲ. ಚರಂಡಿಗೆ ಬಿಟ್ಟ ಸಂದಿ ಅವರ ಬೀದಿಯಾಯಿತು, ನಲವತ್ತು ಅಡಿಯ ರಸ್ತೆ ಅವರ ಹಿತ್ತಲಾಯಿತು. ಚಕ್ಕಡಿ ಸಂದಿಯಲ್ಲಿ ಹಿಡಿಸದ್ದರಿಂದ ಎತ್ತುಗಳನ್ನು ರಸ್ತೆಯ ಮೇಲೆ ಕಟ್ಟಿದರು. ಉದ್ಯಾನದಲ್ಲಿ ಒಂದು ಹನುಮಪ್ಪನ ಗುಡಿ ಎದ್ದಿತು, ಗುಡಿಯ ಸುತ್ತ ಕಬ್ಬಿನ ಒಣಗರಿ ರವದಿಯ ಬಣವೆ, ತಿಪ್ಪೆ. ಇನ್ನು ಯಾರ ಬಾಗಿಲಲ್ಲಿ ನಿಂತು ನೋಡಿದರೂ ಎದುರಿಗೆ ಇನ್ನೊಬ್ಬರ ಬಚ್ಚಲು. ಮೊದಲ ಎರಡು ವರ್ಷ ಅದೇ ಜಗಳ. ಆಮೇಲೆ ಜಗಳಾಡಿ ದಣಿದು, ಒಬ್ಬರ ಬಚ್ಚಲನ್ನು ಒಬ್ಬರು ನೋಡದಿರುವುದನ್ನು ಕಲಿತೆವು. ಬೇರೆ ಊರಿನವರಿಗೆ ಈ ವಿದ್ಯೆ ಬರುವುದಿಲ್ಲ.

ನಾನು ನಿಪ್ಪಾಣಿಯಲ್ಲಿ ಹುಟ್ಟಿದವಳು. ತಂಬಾಕಿನ ಗೋದಾಮಿನ ಘಾಟಿನಲ್ಲಿ ಬೆಳೆದದ್ದಕ್ಕೇ ನನ್ನ ಬಾಯಿ ಇಷ್ಟು ಖಾರ ಎಂದು ಗಂಡನ ಮನೆಯವರು ಹೇಳುತ್ತಿದ್ದರು. ಪ್ಲಾಟಿನ ಯಾದಿಯಲ್ಲಿ ನನ್ನ ಗಂಡನ ಹೆಸರು ಬಂತು, ಅದರ ಮಗ್ಗುಲಿನ ಪ್ಲಾಟು ಅವನ ಅಣ್ಣನಿಗೆ, ಅಂದರೆ ನನ್ನ ಭಾವನಿಗೆ. ಯಾದಿ ಬಂದ ಮರುತಿಂಗಳು ಗಂಡನಿಗೆ ಕಾಮಾಲೆಯಾಯಿತು. ಔಷಧಕ್ಕೆಂದು ಹೋಗದ ಊರಿಲ್ಲ. ಹಳೆಯ ಊರಿನ ಮನೆಯಲ್ಲೇ, ಹಗಲು ಹೊತ್ತಿನಲ್ಲಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಹೋದ. ನನಗೆ ಆಗ ಇಪ್ಪತ್ನಾಲ್ಕು, ಮಗಳಿಗೆ ಮೂರು ವರ್ಷ.

ದಿನಕರ್ಮ ಮುಗಿದ ಮೇಲೆ ಭಾವ ಸಮಾಧಾನದ ದನಿಯಲ್ಲೇ ಮಾತು ತೆಗೆದ. ಎರಡೂ ಪ್ಲಾಟು ಕೂಡಿಸಿ ಒಂದೇ ದೊಡ್ಡ ಮನೆ ಕಟ್ಟೋಣ, ಎರಡಕ್ಕೂ ತನ್ನ ಹೆಸರು ಹಚ್ಚಿಸೋಣ, ನನಗೂ ಮಗಳಿಗೂ ಒಂದು ಖೋಲಿ ಬಿಟ್ಟುಕೊಡುತ್ತೇನೆ ಎಂದ. ಬಿಟ್ಟುಕೊಡುತ್ತೇನೆ ಎಂಬ ಮಾತು ಕೇಳಿ ಮೈ ಉರಿಯಿತು. ನನ್ನ ಗಂಡನ ಜಾಗದಲ್ಲಿ ನನಗೇ ಖೋಲಿ ಬಿಟ್ಟುಕೊಡಲು ಇವನಾರು. ಮಗಳನ್ನು ಬಗಲಿಗೆ ಹಾಕಿಕೊಂಡು ರಾಯಬಾಗದ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ಒಳ್ಳೆಯವನೋ ಕೆಟ್ಟವನೋ ಗೊತ್ತಿಲ್ಲ, ವಿಷಯ ಮಾತ್ರ ಬಿಡಿಸಿ ಹೇಳಿದ. ಗಂಡ ಸತ್ತರೆ ಹೆಂಡತಿಯ ಹೆಸರಿಗೇ ಹಕ್ಕುಪತ್ರ ಬರುತ್ತದೆ. ಆದರೆ ಸಾಹೇಬರು ತಪಾಸಣೆಗೆ ಬಂದ ದಿನ ಆ ಜಾಗದಲ್ಲಿ ನಕಾಶೆಯಂತೆ ರಸ್ತೆಗೆ ಬಾಗಿಲಿಟ್ಟ ಮನೆ ಇರಬೇಕು, ಅದರಲ್ಲಿ ಬೇರೆ ಒಲೆ ಹೂಡಿ ನಾನೇ ಬಾಳುತ್ತಿರಬೇಕು. ತಪಾಸಣೆ ಯಾವಾಗ ಎಂದೆ. ಬಂದಾಗ ಬರುತ್ತಾರೆ ಎಂದ.

ದಕ್ಷಿಣಕ್ಕೇ ಬಾಗಿಲಿಡುತ್ತೇನೆ ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆ ಮೇಲೆ ಅತ್ತೆಯೇ ಮಾತಾಡಿದಳು. ಆ ಬಾಗಿಲು ದಾಟಿ ನಾನು ನಿನ್ನ ಮನೆಯೊಳಗೆ ಕಾಲಿಡುವುದಿಲ್ಲ ಎಂದು ಹೊಳೆಯ ಆಣೆ ಮಾಡಿದಳು. ನಾನೂ ಸುಮ್ಮನಿರಲಿಲ್ಲ, ಇಡಬೇಡ ಎಂದೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ, ಆದರೆ ಬಾಗಿಲಿಟ್ಟದ್ದಕ್ಕಲ್ಲ.

ಮನೆ ಕಟ್ಟುವ ನಮ್ಮ ಕಡೆಯ ಗೌಂಡಿಗಳು ಕೆಲಸಕ್ಕೆ ಬರಲಿಲ್ಲ. ಚಿಕ್ಕೋಡಿಯಿಂದ ಒಬ್ಬ ವಯಸ್ಸಾದ ಸಾಬರ ಗೌಂಡಿಯನ್ನು ಕರೆತಂದೆ. ಅವನಿಗೆ ಇದ್ದ ವಿಷಯ ಇದ್ದಂತೆ ಹೇಳಿದೆ. ಅವನು ಬೇವಿನ ಚೌಕಟ್ಟನ್ನು ಕೈಯಿಂದ ತಟ್ಟಿ ನೋಡಿ, “ಚೌಕಟ್ಟ ಗಟ್ಟಿ ಇರಬೇಕ್ರಿ ಬಾಯಿ, ದಿಕ್ಕ ನಾ ನೋಡೂದಿಲ್ಲ” ಎಂದ. ಚೌಕಟ್ಟು ನಿಲ್ಲಿಸುವ ದಿನ ಐವರು ಮುತ್ತೈದೆಯರು ಬಂದು ಅರಿಷಿಣ ಕುಂಕುಮ ಹಚ್ಚಿ, ಹಸಿರು ಖಣ ಕಟ್ಟುವುದು ನಮ್ಮ ಪದ್ಧತಿ. ಐವರೇನು, ಒಬ್ಬಳೂ ಬರಲಿಲ್ಲ. ಗಂಡ ಸತ್ತವಳು ಕುಂಕುಮದ ಬಟ್ಟಲು ಮುಟ್ಟಬಾರದು ಎಂಬುದು ನನಗೂ ಗೊತ್ತಿತ್ತು. ಮುಟ್ಟಿದೆ. ನಾನು ಅರಿಷಿಣ ಬಳಿದೆ, ನನ್ನ ಮೂರು ವರ್ಷದ ಮಗಳು ಕೈಗೆಟುಕುವಷ್ಟು ಎತ್ತರಕ್ಕೆ ಕುಂಕುಮದ ಬೊಟ್ಟು ಇಟ್ಟಳು. ಗೌಂಡಿ ಬೇರೆ ಕಡೆ ಮುಖ ಮಾಡಿ ನಿಂತಿದ್ದ, ನಾನು ಅಳುವುದನ್ನು ನೋಡಬಾರದು ಅಂತ. ದುಃಖಕ್ಕಲ್ಲ ಆ ಅಳು, ಸಿಟ್ಟಿಗೆ.

ಬಾಗಿಲ ಬೆಳಕಿಗೆ ಹೊಲಿಗೆ ಮಷಿನ್ ಇಟ್ಟುಕೊಂಡೆ. ಜಂಪರು, ಲಂಗ, ಶಾಲೆಯ ಅಂಗಿ ಹೊಲಿಯುತ್ತಿದ್ದೆ. ಬಟ್ಟೆ ಕೊಡುವವರು ಹೊಸ್ತಿಲ ಹೊರಗೆ ನಿಂತೇ ಅಳತೆ ಕೊಟ್ಟು ಹೋಗುತ್ತಿದ್ದರು. ಮಗ್ಗುಲಲ್ಲೇ ಭಾವನ ಮನೆ, ಅದರ ಬೆನ್ನು ರಸ್ತೆಗೆ. ಅತ್ತೆ ಇದ್ದದ್ದು ಅಲ್ಲಿ. ಗೋಡೆಗೆ ಗೋಡೆ ಹತ್ತಿ ಮನೆಗಳಿದ್ದದ್ದರಿಂದ ಅವಳ ಕೆಮ್ಮು ಕೇಳಿಸುತ್ತಿತ್ತು, ಮಾತು ಇರಲಿಲ್ಲ.

ಆದರೆ ಸರ್ಕಾರದವರು ಊರಿಗೆ ನೀರು ಕೊಟ್ಟದ್ದು ತಮ್ಮ ನಕಾಶೆಯಂತೆ. ನಳ ಬಂದದ್ದು ದೊಡ್ಡ ರಸ್ತೆಗೆ, ಸರಿಯಾಗಿ ನನ್ನ ಬಾಗಿಲ ಎದುರಿಗೆ. ಸಂದಿಗೆ ಬಾಗಿಲಿಟ್ಟವರು ಕೊಡ ಹಿಡಿದು ಇಡೀ ಸಾಲು ಸುತ್ತಿ ಬರಬೇಕು, ತುಂಬಿದ ಕೊಡ ಹೊತ್ತು ಮತ್ತೆ ಇಡೀ ಸಾಲು ಸುತ್ತಬೇಕು. ಆ ಸಾಲಿನಲ್ಲಿ ಎರಡೂ ಕಡೆ ಬಾಗಿಲಿದ್ದ ಮನೆ ನನ್ನದೊಂದೇ, ಮುಂದೆ ರಸ್ತೆಗೆ ತಲೆಬಾಗಿಲು, ಹಿಂದೆ ಸಂದಿಗೆ ಹಿತ್ತಲ ಬಾಗಿಲು. ಎಲ್ಲರೂ ಅದನ್ನು ನೋಡುತ್ತಿದ್ದರು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಬಾಯಿ ಬಿಟ್ಟವಳು ಸಂದಿಯ ಜೈನರ ಮನೆಯ ಅಜ್ಜಿ. ನೀರು ಸೋಸುವ ಬಿಳಿ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿಯೇ ನಳಕ್ಕೆ ಬರುವವಳು, ಮಂಡಿ ನೋವಿನವಳು. ಒಂದು ಮುಂಜಾನೆ ನನ್ನ ಹಿತ್ತಲ ಬಾಗಿಲು ತಟ್ಟಿ, ಒಳಗಿಂದ ಹಾಯ್ದು ಹೋಗಲೇ ಎಂದು ಕೇಳಿದಳು. ಹೋಗಬೇಕಾದರೆ ದಕ್ಷಿಣದ ಬಾಗಿಲು ದಾಟಬೇಕಲ್ಲ ಅಜ್ಜಿ ಎಂದೆ, ಸ್ವಲ್ಪ ಚುಚ್ಚಿಯೇ. ಹೊರಗೆ ಹೋಗುವವರಿಗೆ ದೋಷವಿಲ್ಲ, ಒಳಗೆ ಬರುವವರಿಗೆ ದೋಷ ಎಂದಳು. ಒಳಗೆ ಬರುವಾಗ ಏನು ಮಾಡುತ್ತೀ ಎಂದೆ. “ತುಂಬಿದ ಕೊಡ ಹೊತ್ತ ಬಂದ್ರ ಎಲ್ಲಿ ದೋಷ ಬೇ. ಅದು ಲಕ್ಷ್ಮಿ ಬಂದಂಗ” ಎಂದಳು. ಮರುದಿನದಿಂದ ಅದು ಇಡೀ ಸಂದಿಯ ಕಾಯಿದೆಯಾಯಿತು. ಬರಿಗೊಡ ಹಿಡಿದು ಹಿತ್ತಲಿಂದ ಬಂದು ಮುಂದೆ ಹೋಗುವುದು, ತುಂಬಿದ ಕೊಡ ಹೊತ್ತು ಮುಂದಿನಿಂದ ಬಂದು ಹಿತ್ತಲಿಗೆ ಹೋಗುವುದು. ನನ್ನ ನಡುಮನೆಯ ನೆಲ ಒಣಗಿದ ದಿನವಿಲ್ಲ. ಅರಿಷಿಣಕ್ಕೆ ಬರದವರೆಲ್ಲ ನೀರಿಗೆ ಬಂದರು. ನಾನು ಬಾಯಲ್ಲಿ ಬೈದೆ, ಬಾಗಿಲು ಮಾತ್ರ ತೆಗೆದಿಟ್ಟೆ.

ಅತ್ತೆಯೊಬ್ಬಳು ಮಾತ್ರ ಹಾಯಲಿಲ್ಲ. ಎಪ್ಪತ್ತು ಮುಟ್ಟಿದ ಮುದುಕಿ, ಸೊಂಟದಲ್ಲಿ ತಾಮ್ರದ ಕೊಡ ಇಟ್ಟುಕೊಂಡು, ಸಾಲು ಸುತ್ತಿ ಬರುತ್ತಿದ್ದಳು, ಸಾಲು ಸುತ್ತಿ ಹೋಗುತ್ತಿದ್ದಳು. ನಾನು ಮಷಿನ್ ಬಿಟ್ಟೆದ್ದು ಹೋಗಿ ಅವಳ ಕೊಡ ಎತ್ತಿ ಸೊಂಟಕ್ಕೆ ಇಡುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೊಡವನ್ನು ಬೇಡ ಎನ್ನುತ್ತಲೂ ಇರಲಿಲ್ಲ. ಹೀಗೆ ವರ್ಷಗಳೇ ಹೋದವು.

ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ತಪಾಸಣೆಯ ಸುದ್ದಿ ಬಂತು. ಅದೇ ಸುಮಾರಿಗೆ ಭಾವನ ಒಂದು ಎತ್ತು ಸತ್ತಿತು, ಸಂದಿಯ ಒಂದು ಮನೆಯಲ್ಲಿ ಮದುವೆ ಮುರಿಯಿತು. ಎತ್ತು ಮುದಿಯಾಗಿತ್ತು, ವರನ ಕಡೆಯವರು ದುರಾಸೆಯವರು. ಆದರೆ ಭಾವ ಊರೆಲ್ಲ ತಿರುಗಿ, ಇದೆಲ್ಲ ಆ ಬಾಗಿಲಿನ ಕಾಟ ಎಂದು ಹೇಳಿದ. ಅವನ ಲೆಕ್ಕ ನನಗೆ ಗೊತ್ತಿತ್ತು. ತಪಾಸಣೆಯ ಮುಂಚೆ ಬಾಗಿಲು ಗೋಡೆಯಾದರೆ ನನ್ನದು ಬೇರೆ ಮನೆ ಎನ್ನಲು ಗುರುತೇ ಉಳಿಯುವುದಿಲ್ಲ, ಅವನ ಮನೆಯ ಒಂದು ಖೋಲಿಯಾಗಿ ಹೋಗುತ್ತದೆ. ಹಿರಿಯರು ಗುಡಿಯ ಮುಂದೆ ದೈವ ಕೂಡಿಸಿದರು, ಅಂದರೆ ಊರ ಪಂಚಾಯತಿ. ಅಮಾವಾಸ್ಯೆಯೊಳಗೆ ಆ ಬಾಗಿಲಿಗೆ ಕಲ್ಲು ಕಟ್ಟಬೇಕು ಎಂದು ಹೇಳಿದರು.

ಗುಡಿಯ ಮೆಟ್ಟಿಲ ಕೆಳಗೆ ನಿಂತಿದ್ದೆ. ನನ್ನ ಗಂಡ ಸತ್ತದ್ದು ಮೂಡಲ ಬಾಗಿಲಿನ ಮನೆಯಲ್ಲಿ, ಆಗ ನಿಮ್ಮ ಯಮ ದಿಕ್ಕು ನೋಡಿ ಬಂದನೇ ಎಂದು ಕೇಳಬೇಕು ಅಂದುಕೊಂಡೆ. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅತ್ತೆ ಗುಡಿಯ ಕಂಬಕ್ಕೆ ಆತು ಕೂತಿದ್ದಳು. ಮಗನ ತಲೆ ಅವಳ ತೊಡೆಯ ಮೇಲೆಯೇ ಇತ್ತಲ್ಲ. ಅವಳ ಮುಂದೆ ಆ ಮಾತು ಆಡಲು ಆಗಲಿಲ್ಲ. ಅದಕ್ಕೇ ಬೇರೆ ಮಾತು ಹೇಳಿದೆ, “ಕಲ್ಲ ಯಾಕ ಕಟ್ಟತೀರಿ, ಇವತ್ತ ಮುಚ್ಚತೀನಿ. ಎರಡೂ ಬಾಗಲಾ ಮುಚ್ಚತೀನಿ.”

ಮನೆಗೆ ಬಂದು ಮುಂದಿನ ಬಾಗಿಲಿಗೂ ಹಿತ್ತಲ ಬಾಗಿಲಿಗೂ ಒಳಗಿಂದ ಅಗಳಿ ಹಾಕಿದೆ. ಗಂಡಸರು ಗೆದ್ದೆವು ಎಂದು ತಿಳಿದರು. ಮರುದಿನ ನಳ ಬಂದಾಗ ಸಂದಿಯ ಹೆಂಗಸರು ನನ್ನ ಹಿತ್ತಲಿಗೆ ಬಂದು ನಿಂತರು. ದೈವದ ಮಾತು, ನಾನೇನು ಮಾಡಲಿ ಎಂದು ಒಳಗಿಂದಲೇ ಹೇಳಿದೆ. ಸಾಲು ಸುತ್ತಿದರು. ಎರಡನೆಯ ದಿನ ಸುತ್ತುತ್ತಾ ಬೈದರು. ಮೂರನೆಯ ದಿನ ಜೈನರ ಅಜ್ಜಿ ಕೊಡವನ್ನು ದೈವದಲ್ಲಿ ಕೂತಿದ್ದ ಮಗನ ಮುಂದೆ ಕುಕ್ಕಿ, ತೀರ್ಪು ಕೊಟ್ಟವರೇ ನೀರು ತನ್ನಿ ಎಂದಳಂತೆ. ಒಂದು ಮನೆಯಲ್ಲಿ ಆಡಿದ ಮಾತು ಹನ್ನೆರಡು ಮನೆಯಲ್ಲಿ ಆಡಿದಂತಾಯಿತು. ಧೋತರ ಎತ್ತಿ ಕಟ್ಟಿಕೊಂಡು, ಕೊಡವನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಎದೆಗೆ ಅಪ್ಪಿಕೊಂಡು ಬಂದ ಹಿರಿಯರನ್ನು ನಾನು ಕಿಟಕಿಯಿಂದ ನೋಡಿದೆ. ಹೊಟ್ಟೆ ಹಿಡಿದು ನಕ್ಕೆ. ನಾಲ್ಕನೆಯ ದಿನ ಯಾರೂ ನನಗೆ ಏನೂ ಹೇಳದೆಯೇ ಬಾಗಿಲು ತೆಗೆದೆ. ಅಮಾವಾಸ್ಯೆ ಬಂದು ಹೋಯಿತು, ಕಲ್ಲು ತರುವ ಮಾತನ್ನು ದೈವದವರು ಎತ್ತಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ, ಆ ರೂಢಿ ನಮ್ಮಲ್ಲಿಲ್ಲ.

ಭಾವ ಮಾತ್ರ ಬಿಡಲಿಲ್ಲ. ಸಾಹೇಬರು ತಲಾಠಿಯನ್ನು, ಅಂದರೆ ಊರ ಲೆಕ್ಕಿಗನನ್ನು, ಕರೆದುಕೊಂಡು, ನಕಾಶೆ ಹಿಡಿದು ಬಂದ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ನಿಂತಿದ್ದ. ಸಾಲಿನ ಗೋಡೆಗಳನ್ನು ನೋಡಿ ಸಾಹೇಬರಿಗೆ ಸಿಟ್ಟು ಬಂದಿತ್ತು. ರಸ್ತೆಗೆ ಬಾಗಿಲಿಡುವವರೆಗೆ ಹಕ್ಕುಪತ್ರವಿಲ್ಲ ಎಂದು ಒಂದೊಂದೇ ಮನೆಗೆ ಬರೆಸುತ್ತಾ ಬಂದರು. ಆ ಮೇಲೆಯೇ ಎಲ್ಲರೂ ಗೋಡೆ ಒಡೆದು ಒಂದೊಂದು ‘ಸರ್ಕಾರಿ ಬಾಗಿಲು’ ಇಟ್ಟು, ಅದಕ್ಕೆ ಬೀಗ ಜಡಿದದ್ದು. ನನ್ನ ಮನೆಯ ಮುಂದೆ ಸಾಹೇಬರು ನಿಂತಾಗ ಭಾವ, ಇದು ಬೇರೆ ಮನೆಯಲ್ಲ, ನಮ್ಮದು ಒಂದೇ ಕುಟುಂಬ, ಒಂದೇ ಒಲೆ, ತಮ್ಮನ ಹೆಂಡತಿಗೆ ಹೊಲಿಗೆಗೆಂದು ಈ ಖೋಲಿ ಕೊಟ್ಟಿದ್ದೇವೆ ಎಂದ. ಅಲ್ಲ ಎಂದೆ ನಾನು. ಸಾಹೇಬರು ಸಾಕ್ಷಿಗೆಂದು ಕರೆಸಿದ ಪಂಚರ ಕಡೆ ತಿರುಗಿದರು. ಐವರು ಹಿರಿಯರು ನಿಂತಿದ್ದರು, ಐವರ ಮನೆಯ ಹೆಂಗಸರೂ ಅಂದು ಬೆಳಿಗ್ಗೆ ನನ್ನ ನಡುಮನೆಯಲ್ಲಿ ನೀರು ಚೆಲ್ಲಿ ಹೋದವರು. ಒಬ್ಬ ಆಕಾಶ ನೋಡಿದ, ಒಬ್ಬ ಚಪ್ಪಲಿ ನೋಡಿದ. ಅದು ಅವರ ಮನೆಯೊಳಗಿನ ವಿಷಯ, ನಮಗೇನು ಗೊತ್ತು ಎಂದ ಇನ್ನೊಬ್ಬ. ಅಂಥ ಹೇಡಿತನವನ್ನು ನಾನು ಮತ್ತೆ ನೋಡಿಲ್ಲ. ತಲಾಠಿ ಪೆನ್ನಿನ ಟೋಪಿ ತೆಗೆದ. ಒಂದು ಗೆರೆ ಬರೆದರೆ ನನ್ನ ಮನೆ ಹೋಯಿತು.

ನಳದ ಹತ್ತಿರ ಹೆಂಗಸರು ನಿಂತಿದ್ದರು. ಅತ್ತೆಯ ಕೊಡ ತುಂಬಿತ್ತು. ಎತ್ತಿಡಲು ನನಗೆ ಹೋಗಲಾಗಲಿಲ್ಲ, ಅವಳೇ ಎತ್ತಿಕೊಂಡಳು. ಸಾಲಿನ ತುದಿಗೆ ಹೋಗಬೇಕಾದವಳು ನೆಟ್ಟಗೆ ನಮ್ಮ ಕಡೆ ಬಂದಳು. ಸಾಹೇಬರು ಸರಿದು ದಾರಿ ಬಿಟ್ಟರು. ಹೊಸ್ತಿಲ ಮುಂದೆ ಒಂದು ಕ್ಷಣ ನಿಂತಳು, ಆಮೇಲೆ ಬಲಗಾಲಿಟ್ಟು ಒಳಗೆ ಹೋದಳು. ಕೊಡ ಇಳಿಸಿದ ಸದ್ದು ಕೇಳಿತು. ಹೊರಗೆ ಬಂದು ಚೌಕಟ್ಟು ಹಿಡಿದು ನಿಂತು ಸಾಹೇಬರಿಗೆ, “ಒಲಿ ಬ್ಯಾರೆ ಐತ್ರಿ, ನೋಡಿ ಬಂದೆ. ಈ ಮನಿ ನನ್ನ ಸೊಸೀದ” ಎಂದಳು.

ಭಾವ, ಯವ್ವಾ ಆ ಬಾಗಿಲು ಎಂದು ಏನೋ ಹೇಳಹೋದ. ಅವಳು ಅವನಿಗೆ ಪೂರ್ತಿ ಹೇಳಗೊಡಲಿಲ್ಲ.

“ನಿನ್ನ ತಮ್ಮ ಮೂಡಲ ಬಾಗಲದ ಮನ್ಯಾಗ ಸತ್ತ. ನನ್ನ ತೊಡಿ ಮ್ಯಾಲ ಸತ್ತ. ಬಾಗಲಾ ಏನ ಕಾದೈತಿ ಅವನ್ನ?”

ಪಂಚರು ಸಹಿ ಹಾಕುವುದಿಲ್ಲವಾದರೆ ನಾನು ಹೆಬ್ಬೆಟ್ಟು ಒತ್ತುತ್ತೇನೆ ಎಂದು ಅತ್ತೆ ಕೈ ಚಾಚಿದಳು. ತಲಾಠಿ ಸಾಹೇಬರ ಮುಖ ನೋಡಿದ, ಸಾಹೇಬರು ತಲೆಯಾಡಿಸಿದರು. ಅವಳ ಹಿಂದೆ ಜೈನರ ಅಜ್ಜಿ ಕುಂಟುತ್ತಾ ಬಂದಳು. ಆ ಮೇಲೆ ನಳದ ಹತ್ತಿರದ ಇನ್ನೂ ಮೂವರು ಸೆರಗಿಗೆ ಕೈ ಒರೆಸಿಕೊಂಡು ಬಂದರು. ನನ್ನ ಮನೆಯ ಪಂಚನಾಮೆಯಲ್ಲಿ ಐದು ಗುರುತು ಇವೆ, ಐದೂ ಹೆಂಗಸರ ಹೆಬ್ಬೆರಳಿನವು. ಅದರ ಮೇಲೆಯೇ ಹಕ್ಕುಪತ್ರ ಬಂತು, ನನ್ನ ಹೆಸರಿಗೆ.

ಸಾಹೇಬರ ಜೀಪು ಹೋಯಿತು, ಮಂದಿ ಚದುರಿದರು. ಅತ್ತೆ ಮಾತ್ರ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಭಾವ ರಸ್ತೆಯಲ್ಲಿ ನಿಂತು, ಯವ್ವಾ ಮನೆಗೆ ಬಾ, ಕೊಡ ತಗೊಂಡು ಬಾ, ಮನೆಯಲ್ಲಿ ಕುಡಿಯಲು ನೀರಿಲ್ಲ ಎಂದು ಕೂಗಿದ. ಒಳಗೆ ಬರಲು ಅವನಿಗೆ ಧೈರ್ಯ ಸಾಲಲಿಲ್ಲ. ಅತ್ತೆ ನನ್ನ ಒಲೆಯ ಮುಂದೆ ಕೂತು ರೊಟ್ಟಿಯ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

“ನಳ ರಸ್ತಾದಾಗ ಐತಿ” ಎಂದಳು. “ಸುತ್ತ ಹಾಕಿ ನೀನ ತಗೊಂಡ ಹೋಗು.”